ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರ: ಊಟಕ್ಕೊಂದು ಹೊತ್ತು, ನೀರಿಗೊಂದು ಹೊತ್ತು

ದಾವಣಗೆರೆ, ಚಿತ್ರದುರ್ಗದ ಕಡೆ ಊಟಕ್ಕೆ ಕುಳಿತವರ ಮುಂದೆ ತಟ್ಟೆಗಿಂತ ಮೊದಲು ನೀರಿನ ಲೋಟ ಬರುತ್ತದೆ. ಮುದ್ದೆಗೆ ಸಾರು, ಅನ್ನಕ್ಕೆ ತಿಳಿಸಾರು, ಕೊನೆಗೊಂದು ಲೋಟ ಮಜ್ಜಿಗೆ, ಎದ್ದ ಮೇಲೆ ಮತ್ತೆ ನೀರು. ನಮ್ಮ ಊಟದಲ್ಲಿ ತಿನ್ನುವುದಕ್ಕೂ ಕುಡಿಯುವುದಕ್ಕೂ ನಡುವೆ ಗೆರೆಯೇ ಇಲ್ಲ. ತೂಕ ಇಳಿಸಲು ಜಠರದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮನೆಗೆ ಬಂದ ಮೇಲೆ ಈ ಗೆರೆಯನ್ನು ಹೊಸದಾಗಿ ಎಳೆದುಕೊಳ್ಳಬೇಕಾಗುತ್ತದೆ. ಆಸ್ಪತ್ರೆಯಿಂದ ಬರುವಾಗ ‘ಊಟದ ಜೊತೆ ನೀರು ಕುಡಿಯಬೇಡಿ’ ಎಂದು ಹೇಳಿ ಕಳುಹಿಸಿರುತ್ತಾರೆ. ಅನೇಕರು ಅದನ್ನು ‘ನೀರು ಕಡಿಮೆ ಕುಡಿಯಬೇಕು’ ಎಂದು ತಿಳಿದುಕೊಂಡುಬಿಡುತ್ತಾರೆ, ಮತ್ತು ಈ ತಪ್ಪು ತಿಳಿವಳಿಕೆ ಅಪಾಯಕಾರಿಯಾದುದು. ನೀರಿನ ಪ್ರಮಾಣದಲ್ಲಿ ಕಡಿತವಿಲ್ಲ, ಬದಲಾಗುವುದು ನೀರು ಕುಡಿಯುವ ಹೊತ್ತು ಮಾತ್ರ. ಈ ಬರಹದಲ್ಲಿ ಹೇಳಹೊರಟಿರುವುದೆಲ್ಲ ಆ ಹೊತ್ತನ್ನು ಹೊಂದಿಸಿಕೊಳ್ಳುವ ಬಗೆಯನ್ನು ಕುರಿತದ್ದು.

ಮೊದಲು ಕಾರಣವನ್ನು ತಿಳಿದುಕೊಳ್ಳೋಣ, ಏಕೆಂದರೆ ಕಾರಣ ತಿಳಿಯದ ಪಥ್ಯವನ್ನು ಯಾರೂ ಬಹಳ ದಿನ ಪಾಲಿಸುವುದಿಲ್ಲ. ಸ್ಲೀವ್ ಗ್ಯಾಸ್ಟ್ರೆಕ್ಟಮಿ ಎಂಬ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ತೆಗೆದು, ಉಳಿದುದನ್ನು ಉದ್ದನೆಯ ಕೊಳವೆಯಂತೆ ಮಾಡಿರುತ್ತಾರೆ. ಅದರಲ್ಲಿ ಆರಂಭದಲ್ಲಿ ಸುಮಾರು 100ರಿಂದ 150 ಮಿಲಿಲೀಟರ್‌ನಷ್ಟು ಮಾತ್ರ ಹಿಡಿಯುತ್ತದೆ. ಜಠರದ ಮೇಲ್ಭಾಗವನ್ನು ಚೀಲದಂತೆ ಬೇರ್ಪಡಿಸಿ ನೇರವಾಗಿ ಸಣ್ಣ ಕರುಳಿಗೆ ಜೋಡಿಸುವ ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಉಳಿಯುವ ಚೀಲ ಇನ್ನೂ ಚಿಕ್ಕದು, ಸುಮಾರು 30 ಮಿಲಿಲೀಟರ್. ಇಷ್ಟು ಕಿರಿದಾದ ಜಾಗದಲ್ಲಿ ಅರ್ಧ ಲೋಟ ನೀರು ಸೇರಿಕೊಂಡರೆ ಬೇಳೆಗೆ, ಮೊಟ್ಟೆಗೆ, ಮೊಸರಿಗೆ ಸ್ಥಳವೇ ಉಳಿಯುವುದಿಲ್ಲ. ಶಸ್ತ್ರಚಿಕಿತ್ಸೆಯ ನಂತರ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕೆಂದು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ, ಮತ್ತು ಸಸ್ಯಾಹಾರಿಗಳ ಮನೆಯಲ್ಲಿ ಅದನ್ನು ಮುಟ್ಟುವುದು ನೀರಿನ ತೊಡಕಿಲ್ಲದಿದ್ದರೂ ಸುಲಭವಲ್ಲ. ಜೊತೆಗೆ, ಅಗಿದ ಆಹಾರದ ಮೇಲೆ ನೀರು ಬಿದ್ದಾಗ ಅದು ತೆಳುವಾಗಿ ಬೇಗನೆ ಕೆಳಗಿಳಿಯುತ್ತದೆ ಎಂದೂ, ಹೊಟ್ಟೆ ತುಂಬಿದ ಭಾವ ಬೇಗ ಕರಗಿ ಮತ್ತೆ ತಿನ್ನುವಂತಾಗುತ್ತದೆ ಎಂದೂ ವೈದ್ಯರು ಎಚ್ಚರಿಸುತ್ತಾರೆ. ಸ್ಲೀವ್ ಆದವರಲ್ಲಿ ಕಿರಿದಾದ ಕೊಳವೆಯೊಳಗೆ ಒತ್ತಡ ಹೆಚ್ಚಿ ಎದೆಯುರಿ, ಹುಳಿತೇಗು, ವಾಂತಿ ಬರಬಹುದು. ಬೈಪಾಸ್ ಆದವರಲ್ಲಿ ಜಠರದ ಕೆಳಬಾಗಿಲಿನಂತಿರುವ ಕವಾಟವನ್ನು ಬಿಟ್ಟು ಬೇರೆ ದಾರಿ ಮಾಡಿರುವುದರಿಂದ, ಆಹಾರ, ಅದರಲ್ಲೂ ಸಿಹಿ, ದ್ರವದೊಂದಿಗೆ ಸಣ್ಣ ಕರುಳಿಗೆ ನೇರವಾಗಿ ನುಗ್ಗಿ ‘ಡಂಪಿಂಗ್’ ಎಂಬ ತೊಂದರೆಯನ್ನು ತರಬಹುದು. ಊಟವಾದ 10ರಿಂದ 30 ನಿಮಿಷದೊಳಗೆ ಎದೆ ಹೊಡೆದುಕೊಳ್ಳುವುದು, ಬೆವರು, ಹೊಟ್ಟೆ ನುಲಿಯುವುದು, ಭೇದಿ ಇವು ಅದರ ಲಕ್ಷಣಗಳು. ಕೆಲವರಿಗೆ 1ರಿಂದ 3 ಗಂಟೆಗಳ ನಂತರ ರಕ್ತದ ಸಕ್ಕರೆ ಇಳಿದು ಕೈಕಾಲು ನಡುಗುವುದೂ ಉಂಟು.

ರೂಢಿಯಲ್ಲಿರುವ ನಿಯಮ ಹೀಗಿದೆ. ಊಟಕ್ಕೆ 15ರಿಂದ 30 ನಿಮಿಷ ಮುಂಚೆ ಕುಡಿಯುವುದನ್ನು ನಿಲ್ಲಿಸಬೇಕು, ಊಟದ ನಡುವೆ ಕುಡಿಯಬಾರದು, ಊಟ ಮುಗಿದು 30 ನಿಮಿಷ ಕಳೆದ ಮೇಲೆ ಮತ್ತೆ ಆರಂಭಿಸಬೇಕು. ಈ 30 ನಿಮಿಷ ಎಂಬುದು ಬಹುಮಟ್ಟಿಗೆ ಚಿಕಿತ್ಸಕರ ಅನುಭವದಿಂದ ಬಂದ ಅಂಕಿಯಾದ್ದರಿಂದ ಒಂದು ಆಸ್ಪತ್ರೆಯವರು 20 ಎಂದರೆ ಇನ್ನೊಂದು ಆಸ್ಪತ್ರೆಯವರು 45 ಎನ್ನಬಹುದು. ನಿಮ್ಮ ಶಸ್ತ್ರವೈದ್ಯರೂ ಆಹಾರ ತಜ್ಞರೂ ಹೇಳಿದ ಅಂಕಿಯೇ ನಿಮಗೆ ಪ್ರಮಾಣ. ಗುಳಿಗೆ ನುಂಗಲೆಂದೋ, ಬಾಯಿ ಒಣಗಿತೆಂದೋ ಊಟದ ನಡುವೆ ಒಂದು ಗುಟುಕು ಕುಡಿದುದರಿಂದ ಏನೂ ಕೆಡುವುದಿಲ್ಲ. ಹೊಲಿಗೆ ಬಿಚ್ಚೀತೆಂದು ಹೆದರಬೇಕಾಗಿಲ್ಲ. ಗುಟುಕು ಲೋಟವಾಗುವ ಅಭ್ಯಾಸವನ್ನು ಮಾತ್ರ ತಡೆಯಬೇಕು. ಮೊದಲ ಕೆಲವು ವಾರ ಆಹಾರವೆಲ್ಲ ದ್ರವರೂಪದಲ್ಲೇ ಇರುವುದರಿಂದ ಈ ಲೆಕ್ಕ ಆಗ ಅಷ್ಟಾಗಿ ಬರುವುದಿಲ್ಲ. ನುಣ್ಣಗೆ ಅರೆದ ಆಹಾರದ ಹಂತಕ್ಕೆ ಬಂದಾಗ ಅದನ್ನು ಹಿಡಿದರೆ, ಗಟ್ಟಿ ಆಹಾರದ ಹೊತ್ತಿಗೆ ರೂಢಿಯಾಗಿರುತ್ತದೆ.

ಇಲ್ಲಿಯವರೆಗಿನದು ಯಾವ ಊರಿನವರಿಗಾದರೂ ಹೊಂದುವ ಮಾತು. ನಮ್ಮ ಕಡೆಯ ನಿಜವಾದ ತೊಡಕು ತಟ್ಟೆಯೊಳಗೇ ಅಡಗಿರುವ ದ್ರವದಲ್ಲಿದೆ. ಲೋಟವನ್ನು ಪಕ್ಕಕ್ಕಿಟ್ಟು, ತಟ್ಟೆಯ ತುಂಬ ತಿಳಿಸಾರು ಸುರಿದುಕೊಂಡು ಅನ್ನ ಕಲಸಿ ತಿಂದರೆ ನಿಯಮ ಪಾಲಿಸಿದಂತಾಗುವುದಿಲ್ಲ. ರಾಗಿಮುದ್ದೆಯ ವಿಷಯ ಇನ್ನೂ ಸೂಕ್ಷ್ಮವಾದುದು. ಮುದ್ದೆಯನ್ನು ಸಾರಿನಲ್ಲಿ ಅದ್ದಿ ಅಗಿಯದೆ ನುಂಗುವುದು ಚಿಕ್ಕಂದಿನಿಂದ ಬಂದ ಅಭ್ಯಾಸ, ಮತ್ತು ಹೊಸ ಜಠರಕ್ಕೆ ಈ ಅಭ್ಯಾಸದ ಎರಡು ಭಾಗಗಳೂ ಆಗದವು. ಅಗಿಯದೆ ನುಂಗಿದ ತುತ್ತು ಕಿರಿದಾದ ದಾರಿಯಲ್ಲಿ ಸಿಕ್ಕಿಕೊಳ್ಳಬಹುದು, ಅದನ್ನು ಜಾರಿಸುವ ಸಾರು ಜಾಗವನ್ನು ತುಂಬುತ್ತದೆ. ಆದ್ದರಿಂದ ಗಟ್ಟಿ ಆಹಾರಕ್ಕೆ ವೈದ್ಯರ ಒಪ್ಪಿಗೆ ಸಿಕ್ಕ ಮೇಲೆಯೂ ಮುದ್ದೆಯನ್ನು ಕೊನೆಯಲ್ಲಿ ಸೇರಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಆಗಲೂ ಸ್ವಲ್ಪ ಮೆತ್ತಗೆ ತಿರುವಿದ ಮುದ್ದೆಯನ್ನು ಕಡಲೆಕಾಳಿನ ಗಾತ್ರದಲ್ಲಿ ಮುರಿದು, ಗಟ್ಟಿಯಾದ ಬೇಳೆಯ ಜೊತೆಗೋ ಬಸ್ಸಾರಿನ ಕಾಳು-ಸೊಪ್ಪಿನ ಪಲ್ಯದ ಜೊತೆಗೋ ಬಾಯಲ್ಲಿ ಪೂರ್ತಿ ಕರಗುವವರೆಗೆ ಅಗಿಯಬೇಕು. ಸಾರಿನ ನೀರನ್ನು ಬಿಟ್ಟು ತಳದ ಬೇಳೆ-ಕಾಳನ್ನು ಬಡಿಸುವಂತೆ ಮನೆಯವರಿಗೆ ಹೇಳಿಡಿ. ಪ್ರೋಟೀನ್ ಇರುವುದೂ ಅಲ್ಲೇ. ತಿಳಿಸಾರು ಬೇಕೇಬೇಕೆನಿಸಿದರೆ ಊಟವಾದ ಅರ್ಧ ಗಂಟೆಯ ಮೇಲೆ ಚಿಕ್ಕ ಬಟ್ಟಲಲ್ಲಿ ಬೆಚ್ಚಗೆ ಕುಡಿಯಬಹುದು, ಅದು ದಿನದ ದ್ರವದ ಲೆಕ್ಕಕ್ಕೂ ಸೇರುತ್ತದೆ. ಊಟದ ಕೊನೆಗೆ ಮಜ್ಜಿಗೆಯ ಬದಲು ಎರಡು ಚಮಚ ಗಟ್ಟಿ ಮೊಸರು ತಿನ್ನಿ, ನೀರುಮಜ್ಜಿಗೆಯನ್ನು ಮಧ್ಯಾಹ್ನದ ಬಿಡುವಿಗೆ ಇಟ್ಟುಕೊಳ್ಳಿ. ಅಂಬಲಿ ಕುಡಿಯುವಂಥದ್ದಾದರೂ ಹಿಟ್ಟಿನಿಂದ ಮಾಡಿದ್ದಾದ್ದರಿಂದ ಅದನ್ನು ಊಟವೆಂದೇ ಎಣಿಸಬೇಕು.

ಊಟದ ನಡುವೆ ಬಾಯಾರಿಕೆ ಏಕೆ ಆಗುತ್ತದೆಂಬುದನ್ನೂ ಗಮನಿಸಬೇಕು. ಸಂಜೆಯ ಖಾರ ಮಂಡಕ್ಕಿ ಮತ್ತು ಮಿರ್ಚಿ ಇದಕ್ಕೆ ಒಳ್ಳೆಯ ಉದಾಹರಣೆ: ಮಂಡಕ್ಕಿ ಬಾಯಿ ಒಣಗಿಸುತ್ತದೆ, ಮಿರ್ಚಿ ನೀರು ಬೇಡುತ್ತದೆ, ಜೊತೆಗೆ ಚಹಾ ಬಂದೇ ಬರುತ್ತದೆ. ಬೆಣ್ಣೆದೋಸೆ ತಿಂದೊಡನೆ ಚಹಾ ಕುಡಿಯುವುದೂ ಹಾಗೆಯೇ. ಖಾರ, ಉಪ್ಪು, ಒಣ ಚಟ್ನಿಪುಡಿ ಕಡಿಮೆ ಮಾಡಿದರೆ ನೀರಿನ ಬಯಕೆ ತಾನಾಗಿಯೇ ತಗ್ಗುತ್ತದೆ. ಒಣಗಿದ ಚಪಾತಿ, ಬ್ರೆಡ್, ಉದುರುದುರಾದ ಅನ್ನ ಅನೇಕರಿಗೆ ಗಂಟಲಿನ ಕೆಳಗೆ ನಿಂತಂತಾಗುತ್ತದೆ. ಇವನ್ನು ಗಟ್ಟಿ ತೊವ್ವೆಯಲ್ಲಿ ಅಥವಾ ಮೊಸರಿನಲ್ಲಿ ನೆನೆಸಿ ತಿನ್ನಬೇಕು. ಬಾಯಿ ತೀರಾ ಒಣಗಿದರೆ ನೀರನ್ನು ಮುಕ್ಕಳಿಸಿ ಉಗುಳಬಹುದು.

ತುತ್ತು ಸಿಕ್ಕಿಕೊಂಡಿತೆನಿಸಿದಾಗ ನಮಗೆ ಮೊದಲು ಹೊಳೆಯುವುದು ನೀರು ಕುಡಿದು ಕೆಳಗೆ ತಳ್ಳುವ ಉಪಾಯ. ಶಸ್ತ್ರಚಿಕಿತ್ಸೆಯಾದವರಲ್ಲಿ ಇದರಿಂದ ನೋವು ಹೆಚ್ಚುತ್ತದೆ, ಏಕೆಂದರೆ ದಾರಿ ಕಟ್ಟಿರುವಾಗ ನೀರು ಅದರ ಮೇಲೆ ನಿಂತು ಎದೆಯನ್ನು ಒತ್ತುತ್ತದೆ, ಕೊನೆಗೆ ವಾಂತಿಯಾಗುತ್ತದೆ. ತಿನ್ನುವುದನ್ನು ಅಲ್ಲಿಗೇ ನಿಲ್ಲಿಸಿ, ನೆಟ್ಟಗೆ ಕುಳಿತು ಅಥವಾ ಮನೆಯೊಳಗೆ ನಿಧಾನವಾಗಿ ಅಡ್ಡಾಡಿ, ಅದು ಇಳಿಯುವವರೆಗೆ ಕಾಯಬೇಕು. ಕೆಲವು ಗಂಟೆಗಳಾದರೂ ಇಳಿಯದಿದ್ದರೆ, ಉಗುಳನ್ನೂ ನುಂಗಲಾಗದಿದ್ದರೆ ಆಸ್ಪತ್ರೆಗೆ ಹೋಗಬೇಕು.

ಇನ್ನು ಹೊತ್ತಿನ ಲೆಕ್ಕ. ದಿನಕ್ಕೆ ಕನಿಷ್ಠ ಒಂದೂವರೆ ಲೀಟರ್ ದ್ರವ ದೇಹಕ್ಕೆ ಸೇರಬೇಕು. ನಮ್ಮ ಬಯಲುಸೀಮೆಯ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಅದು ಎರಡು ಲೀಟರ್‌ಗೆ ಹತ್ತಿರವಿದ್ದರೆ ಕ್ಷೇಮ. ಒಮ್ಮೆಗೇ ಚೊಂಬು ಎತ್ತಿ ಕುಡಿಯುವ ದಿನಗಳು ಮುಗಿದಿರುವುದರಿಂದ ಈ ಪ್ರಮಾಣ ಆರಂಭದಲ್ಲಿ ಅಸಾಧ್ಯವೆನಿಸುತ್ತದೆ. ಹಾಗಾಗಿ ಮೊದಲ ದಿನಗಳಲ್ಲಿ 30 ಮಿಲಿಲೀಟರ್ ಹಿಡಿಯುವ ಚಿಕ್ಕ ಅಳತೆ ಲೋಟವೊಂದನ್ನು ಇಟ್ಟುಕೊಂಡು, ಪ್ರತಿ 15 ನಿಮಿಷಕ್ಕೊಮ್ಮೆ ಅದನ್ನು ಎರಡು ಮೂರು ಗುಟುಕಿನಲ್ಲಿ ಮುಗಿಸಬೇಕು. ಗಂಟೆಗೆ 120 ಮಿಲಿಲೀಟರ್‌ನಂತೆ 12 ಗಂಟೆಗಳಲ್ಲಿ 1,440 ಮಿಲಿಲೀಟರ್ ಆಗುತ್ತದೆ.

ಗಟ್ಟಿ ಆಹಾರ ಆರಂಭವಾದ ಮೇಲೆ ದಿನವನ್ನು ಹೀಗೆ ಹಂಚಿಕೊಳ್ಳಬಹುದು. ಬೆಳಿಗ್ಗೆ 6ಕ್ಕೆ ಎದ್ದು 7.30ರೊಳಗೆ 300 ಮಿಲಿಲೀಟರ್ ಕುಡಿದು ನಿಲ್ಲಿಸಿ, 8ಕ್ಕೆ ತಿಂಡಿಗೆ ಕುಳಿತು 8.30ಕ್ಕೆ ಏಳುವುದು. 9ರಿಂದ 12.30ರವರೆಗೆ 600 ಮಿಲಿಲೀಟರ್. 1ರಿಂದ 1.30ರವರೆಗೆ ಊಟ. 2ರಿಂದ 4.30ರವರೆಗೆ ನೀರುಮಜ್ಜಿಗೆಯೂ ಸೇರಿದಂತೆ 400 ಮಿಲಿಲೀಟರ್. 5ಕ್ಕೆ ಚಿಕ್ಕ ತಿಂಡಿ. 6ರಿಂದ 7.30ರವರೆಗೆ 300 ಮಿಲಿಲೀಟರ್. 8ಕ್ಕೆ ರಾತ್ರಿಯ ಊಟ, 9ರ ನಂತರ 100 ಮಿಲಿಲೀಟರ್. ಒಟ್ಟು 1,700 ಮಿಲಿಲೀಟರ್ ಆಯಿತು. ಹೊಲದ ಕೆಲಸದವರೂ ಅಂಗಡಿಯಲ್ಲಿ ಕೂರುವವರೂ ತಮ್ಮ ತಮ್ಮ ಹೊತ್ತಿಗೆ ಇದನ್ನು ಸರಿಸಿಕೊಳ್ಳಬಹುದು, ಆದರೆ ಮಧ್ಯಾಹ್ನದ ಊಟಕ್ಕೆ ಮೊದಲಿನ ಅವಧಿಯನ್ನು ವ್ಯರ್ಥಮಾಡಬಾರದು. ಅಲ್ಲಿ ತಪ್ಪಿದ ನೀರನ್ನು ಸಂಜೆ ತುಂಬಿಕೊಳ್ಳುವುದು ಕಷ್ಟ. ಚಿತ್ರದುರ್ಗದಿಂದ ದಾವಣಗೆರೆಗೆ ಬಸ್ಸಿನಲ್ಲಿ ಹೋಗುವಷ್ಟು ಹೊತ್ತಿನಲ್ಲೂ ಬಾಟಲಿ ಕೈಯಲ್ಲೇ ಇರಲಿ. ಸ್ಟ್ರಾ ಹಾಕಿ ಕುಡಿದರೆ ಗಾಳಿಯೂ ಒಳಹೋಗಿ ಹೊಟ್ಟೆ ಉಬ್ಬುವುದರಿಂದ ಅದನ್ನು ಬಿಡುವಂತೆ ಹೆಚ್ಚಿನವರು ಸೂಚಿಸುತ್ತಾರೆ.

ಕುಡಿಯುವುದು ಏನನ್ನು ಎಂಬುದೂ ಮುಖ್ಯ. ನೀರು, ಉಪ್ಪು ಹದವಾಗಿರುವ ನೀರುಮಜ್ಜಿಗೆ, ಸಕ್ಕರೆ ಹಾಕದ ನಿಂಬೆನೀರು, ಜೀರಿಗೆ ಕುದಿಸಿದ ನೀರು ಇವು ಸಾಕು. ಎಳನೀರನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಯಬಹುದು. ಕಬ್ಬಿನಹಾಲು, ಸಕ್ಕರೆ ಹಾಕಿದ ಹಣ್ಣಿನ ರಸ, ಬೆಲ್ಲದ ಪಾನಕ ಇವು ಬೈಪಾಸ್ ಆದವರಿಗೆ ಡಂಪಿಂಗ್ ತರಬಲ್ಲವು, ಸ್ಲೀವ್ ಆದವರಿಗೂ ಹಸಿವೆ ತಣಿಸದೆ ತೂಕ ಸೇರಿಸುತ್ತವೆ. ಶ್ರೀರಾಮನವಮಿಯಂದು ಪಾನಕವನ್ನು ತೀರ್ಥದಷ್ಟು ತೆಗೆದುಕೊಂಡು, ಹೆಸರುಬೇಳೆಯ ಕೋಸಂಬರಿಯನ್ನು ಚೆನ್ನಾಗಿ ಅಗಿದು ತಿನ್ನಿ. ಸೋಡಾ ಮತ್ತು ಬಾಟಲಿಯ ತಂಪುಪಾನೀಯಗಳು ಬೇಡ. ಮದ್ಯ ಈ ಶಸ್ತ್ರಚಿಕಿತ್ಸೆಯ ನಂತರ ಬೇಗ ಏರುತ್ತದೆ, ಚಟವಾಗುವ ಅಪಾಯವೂ ಹೆಚ್ಚು, ದೂರವಿರುವುದೇ ಸರಿ.

ಮದುವೆಮನೆಯ ಪಂಕ್ತಿಯಲ್ಲಿ ಪಾಯಸ ಮೊದಲು ಬರುತ್ತದೆ, ಸಾರು ಮೇಲಿಂದ ಮೇಲೆ ಬರುತ್ತದೆ, ಬಡಿಸುವವರು ಕೈ ಅಡ್ಡ ಹಿಡಿದರೂ ಕೇಳುವುದಿಲ್ಲ. ಮನೆಯಿಂದ ಹೊರಡುವ ಮೊದಲೇ ನೀರು ಕುಡಿದು ಮುಗಿಸಿ, ಪಲ್ಯ, ಕೋಸಂಬರಿ, ಮೊಸರು ಇವಿಷ್ಟನ್ನೇ ಹಾಕಿಸಿಕೊಂಡು, ‘ಡಾಕ್ಟರು ಬೇಡ ಅಂದಿದ್ದಾರೆ’ ಎಂದು ಸ್ಪಷ್ಟವಾಗಿ ಹೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ನೀರು ಕಡಿಮೆಯಾಗಿರುವುದನ್ನು ಮೂತ್ರದ ಬಣ್ಣ ಬೇಗ ತಿಳಿಸುತ್ತದೆ. ಅದು ಗಾಢ ಹಳದಿಯಾದರೆ, ಎದ್ದು ನಿಂತಾಗ ಕಣ್ಣು ಕತ್ತಲೆಗೂಡಿದರೆ, ನಾಲಿಗೆ ಅಂಟಿದಂತಾದರೆ ಗುಟುಕುಗಳನ್ನು ಹೆಚ್ಚಿಸಬೇಕು. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಗುಳಿಗೆಯನ್ನೋ, ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗುಳಿಗೆಯನ್ನೋ ತೆಗೆದುಕೊಳ್ಳುವವರು ಅವುಗಳ ಪ್ರಮಾಣವನ್ನು ವೈದ್ಯರಿಂದ ಮರುಪರಿಶೀಲಿಸಿಕೊಳ್ಳಬೇಕು. ಇಡೀ ದಿನ ನೀರು ಒಳಗೆ ನಿಲ್ಲದಿದ್ದರೆ, ಜ್ವರ ಅಥವಾ ತೀವ್ರ ಹೊಟ್ಟೆನೋವು ಇದ್ದರೆ, ಮೂತ್ರ ತೀರಾ ಕಡಿಮೆಯಾದರೆ ಮನೆಮದ್ದಿನಲ್ಲಿ ಕಾಲ ಕಳೆಯಬಾರದು. ದಿನಗಟ್ಟಲೆ ವಾಂತಿಯಾದವರಲ್ಲಿ ಥಯಾಮಿನ್ ಎಂಬ ಬಿ1 ಜೀವಸತ್ವ ಬರಿದಾಗಿ ಮಿದುಳು, ನರಗಳಿಗೆ ಹಾನಿಯಾಗಬಹುದು. ಆ ಸ್ಥಿತಿಯಲ್ಲಿ ಥಯಾಮಿನ್ ಕೊಡದೆ ಗ್ಲೂಕೋಸ್ ಡ್ರಿಪ್ ಮಾತ್ರ ಏರಿಸಿದರೆ ಹಾನಿ ಹೆಚ್ಚುತ್ತದೆ. ಆದ್ದರಿಂದ ಹತ್ತಿರದ ಕ್ಲಿನಿಕ್ಕಿಗೆ ಡ್ರಿಪ್ ಹಾಕಿಸಲು ಹೋದಾಗ ಯಾವ ಶಸ್ತ್ರಚಿಕಿತ್ಸೆ ಯಾವಾಗ ಆಯಿತು, ವಾಂತಿ ಎಷ್ಟು ದಿನದಿಂದ ಇದೆ ಎಂಬುದನ್ನು ಸೂಜಿ ಚುಚ್ಚುವ ಮೊದಲೇ ವೈದ್ಯರಿಗೆ ಹೇಳಿ, ಡಿಸ್ಚಾರ್ಜ್ ಪತ್ರವನ್ನು ತೋರಿಸಬೇಕು. ಆ ಪತ್ರದ ಒಂದು ಪ್ರತಿ ಮನೆಯ ಇನ್ನೊಬ್ಬರ ಮೊಬೈಲ್‌ನಲ್ಲೂ ಇರಲಿ.