ಥಿನ್ನರ್ ಕೋಣೆಗೆ ವೈರಿಂಗ್ ಮಾಡುವಾಗ

ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಬಣ್ಣ ಕಲಸುವ, ಥಿನ್ನರ್ ಡ್ರಮ್ ಇಡುವ ಕೋಣೆಗಳಿಗೆ ನಾನು ವೈರಿಂಗ್ ಮಾಡುತ್ತೇನೆ. ಸಾಮಾನಿನ ಪಟ್ಟಿ ಬರೆಯುವುದಕ್ಕೆ ಮೊದಲು, ಯಾವುದನ್ನೆಲ್ಲ ಕೋಣೆಯಿಂದ ಹೊರಗೆ ಹಾಕಬಹುದು ಎಂದು ನೋಡುತ್ತೇನೆ. ಸ್ವಿಚ್ಚು, ಸ್ಟಾರ್ಟರ್, ಪ್ಲಗ್ ಪಾಯಿಂಟ್ ಎಲ್ಲವೂ ಗೋಡೆಯಾಚೆಗೆ ಹೋಗುತ್ತವೆ. ಆದ ಕಡೆ ದೀಪವನ್ನೂ ಹೊರಗಿಟ್ಟು, ಅಲುಗದಂತೆ ಕೂರಿಸಿದ ಗಾಜಿನ ಮೂಲಕ ಬೆಳಕು ಕೊಡುತ್ತೇನೆ. ಒಳಗೆ ಉಳಿಯಲೇಬೇಕಾದದ್ದಕ್ಕೆ ಮಾತ್ರ ಫ್ಲೇಮ್‌ಪ್ರೂಫ್ ಸಾಮಾನು. ಆವಿಯ ಅಪಾಯ ಎಲ್ಲಿ ಎಷ್ಟು, ಎಲ್ಲಿಯವರೆಗೆ ಯಾವ ವಲಯ ಎಂಬುದನ್ನು ಐಎಸ್ 5572 ಎಂಬ ಭಾರತೀಯ ಮಾನಕ ನೋಡಿ ನಕ್ಷೆಯಲ್ಲಿ ಗುರುತಿಸಿಕೊಳ್ಳುತ್ತೇನೆ.

ಥಿನ್ನರ್‌ನಲ್ಲಿ ಹೆಚ್ಚಾಗಿ ಸಿಗುವ ಟಾಲುಯೀನ್ 4 ಡಿಗ್ರಿಯಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಬೆಂಗಳೂರಿನ ಯಾವ ಚಳಿಯೂ ಅದನ್ನು ತಡೆಯದು. ಆ ಆವಿ ಗಾಳಿಗಿಂತ ಸುಮಾರು ಮೂರು ಪಟ್ಟು ಭಾರ. ಮೇಲೇರದೆ ನೆಲ ಹಿಡಿದು ಹರಿಯುತ್ತದೆ. ಹಾಗಾಗಿ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಕೇಬಲ್ ಟ್ರೆಂಚಿನದು. ಕೋಣೆಯೊಳಗೆ ಎಷ್ಟೇ ದುಬಾರಿ ಸಾಮಾನು ಹಾಕಿದರೂ, ಆವಿ ಟ್ರೆಂಚಿನಲ್ಲಿ ಇಳಿದು ಪಕ್ಕದ ಪ್ಯಾನೆಲ್ ಕೋಣೆಗೆ ಸೇರಿದರೆ ಅಲ್ಲಿ ಮೋಟಾರನ್ನು ಆನ್-ಆಫ್ ಮಾಡುವ ಸಾಧಾರಣ ಕಂಟ್ಯಾಕ್ಟರಿನ ಕಿಡಿಯೇ ಸಾಕು. ಟ್ರೆಂಚಿಗೆ ಮರಳು ತುಂಬಿಸುತ್ತೇನೆ, ಕೇಬಲ್ ಹಾಯುವ ಗೋಡೆಯ ತೂತನ್ನು ಗಾಳಿಯಾಡದಂತೆ ಮುಚ್ಚಿಸುತ್ತೇನೆ. ಎಕ್ಸಾಸ್ಟ್ ಫ್ಯಾನ್ ಸೂರಿನಡಿ ಇದ್ದರೆ ಅದರ ಎಳೆತ ನೆಲಮಟ್ಟಕ್ಕೆ ಸಿಗುವಂತೆ ಡಕ್ಟ್ ಇಳಿಸಲು ಹೇಳುತ್ತೇನೆ.

"ಫ್ಲೇಮ್‌ಪ್ರೂಫ್ ಬಾಕ್ಸಿಗೆ ಇಷ್ಟು ಕೊಟ್ಟಿದ್ದೇನಲ್ಲ, ಗ್ಲ್ಯಾಂಡಿಗೂ ಸುರಿಯಬೇಕೇ?" ಎಂದು ಮಾಲೀಕರು ಕೇಳುವುದುಂಟು. ಗ್ಲ್ಯಾಂಡ್ ಎಂದರೆ ಕೇಬಲ್ ಬಾಕ್ಸಿನೊಳಗೆ ಹೋಗುವ ತೂತಿನಲ್ಲಿ ಅದನ್ನು ಬಿಗಿಹಿಡಿಯುವ ಲೋಹದ ತುಂಡು. ಕೊಡಲೇಬೇಕು ಸಾರ್ ಎನ್ನುತ್ತೇನೆ. ಈ ಬಾಕ್ಸಿನೊಳಗೆ ಆವಿ ನುಗ್ಗುವುದನ್ನು ಯಾರೂ ತಡೆದಿಲ್ಲ. ಒಳಗೆ ಸ್ಫೋಟವಾದರೂ ಬಾಕ್ಸು ಒಡೆಯಬಾರದು. ಮುಚ್ಚಳದ ಕಿರಿದಾದ ಸಂದಿನಲ್ಲಿ ಹಾಯ್ದು ಬರುವಷ್ಟರಲ್ಲಿ ಜ್ವಾಲೆ ತಣ್ಣಗಾಗಿ, ಹೊರಗಿನ ಆವಿಗೆ ಬೆಂಕಿ ತಗಲಬಾರದು. ಅದರ ಕೆಲಸ ಅಷ್ಟೇ. ಒಂದು ಬೋಲ್ಟು ಬಿಟ್ಟುಹೋದರೆ, ಕೇಬಲ್ಲಿನ ಅಳತೆಗೆ ಹೊಂದದ ಗ್ಲ್ಯಾಂಡ್ ಹಾಕಿದರೆ, ಬೇಡದ ತೂತಿಗೆ ಪ್ಲಾಸ್ಟಿಕ್ ಬಿರಡೆ ತುರುಕಿದರೆ ಅದು ಬರೀ ಭಾರದ ಡಬ್ಬ. ಆರ್ಮರ್ಡ್ ಕೇಬಲ್ಲಿಗೆ ಪ್ರಮಾಣಪತ್ರವಿರುವ ಡಬಲ್ ಕಂಪ್ರೆಷನ್ ಗ್ಲ್ಯಾಂಡನ್ನೇ ಹಾಕುತ್ತೇನೆ. ಅದರ ತಿರುಪಿನ ಕನಿಷ್ಠ ಐದು ಸುತ್ತು ಬಾಕ್ಸಿನಲ್ಲಿ ಪೂರ್ತಿ ಹಿಡಿಯಬೇಕು. ಖಾಲಿ ತೂತಿಗೆ ಪ್ರಮಾಣಿತ ಲೋಹದ ಪ್ಲಗ್. ನೀರು ಇಳಿಯುತ್ತದೆಂದು ಮುಚ್ಚಳಕ್ಕೆ ರಬ್ಬರ್ ಹಾಳೆ ಕತ್ತರಿಸಿ ಹಾಕುವವರನ್ನು ಕಂಡರೆ ನನಗೆ ತಡೆಯಲಾಗದ ಸಿಟ್ಟು ಬರುತ್ತದೆ: ಪರೀಕ್ಷೆಯಲ್ಲಿ ಪಾಸಾದ ಸಂದು ಅಲ್ಲಿಗೆ ಮುಗಿಯಿತು. ಆ ಅಂಚಿಗೆ ಬಣ್ಣವನ್ನೂ ಬಳಿಯಬಾರದು.

ದೀಪ, ಮೋಟಾರುಗಳ ಮೇಲೆ ಅನಿಲ ಗುಂಪು (ಯಾವ ಬಗೆಯ ಆವಿಗೆ ಹೊಂದುತ್ತದೆ ಎಂಬುದು) ಮತ್ತು ತಾಪಮಾನ ವರ್ಗ ಓದಿಕೊಳ್ಳುತ್ತೇನೆ. ಟಿ4 ಎಂದಿದ್ದರೆ ಅದರ ಮೈ 135 ಡಿಗ್ರಿ ದಾಟುವುದಿಲ್ಲ ಎಂದರ್ಥ. ಡ್ರಮ್ಮಿಗೂ ಸುರಿದುಕೊಳ್ಳುವ ಲೋಹದ ಕ್ಯಾನಿಗೂ ತಾಮ್ರದ ತಂತಿಯ ಜೋಡಣೆ, ಅಲ್ಲಿಂದ ಅರ್ಥಿಂಗ್: ಸ್ಥಿರ ವಿದ್ಯುತ್ತಿನ ಕಿಡಿಗೆ ವೈರಿಂಗ್ ಬೇಕಿಲ್ಲ.

ಕೆಲಸ ಒಪ್ಪಿಸುವಾಗ ವಲಯದ ನಕ್ಷೆ, ಪ್ರಮಾಣಪತ್ರಗಳ ಸಂಖ್ಯೆ ಇರುವ ಕಡತದ ಜೊತೆಗೆ ಬಾಕ್ಸಿನಲ್ಲಿರುವ ದರ್ಜೆಯದೇ ಕೆಲವು ಬಿಡಿ ಬೋಲ್ಟುಗಳನ್ನೂ ನಿರ್ವಹಣೆಯ ಹುಡುಗರ ಕೈಗೆ ಕೊಡುತ್ತೇನೆ. ಒಂದು ಬೋಲ್ಟು ಕಳೆದರೆ ಅಂಗಡಿಯಿಂದ ಸಿಕ್ಕಿದ್ದನ್ನು ತಂದು ಬಿಗಿಯುವ ಪ್ರಮೇಯ ಅವರಿಗೆ ಬರಬಾರದು.