ಮೂರು ಜನರನ್ನು ಮಾತಾಡಿಸಿ ಬಾ: ಪಿಯುಸಿ ಮಕ್ಕಳ ಜೊತೆ ನನ್ನ ಅನುಭವ

ಮುಂದೇನು ಓದಬೇಕು ಅಂತ ಆರಿಸುವ ಮೊದಲು ನಮ್ಮ ಪಿಯುಸಿ ಮಕ್ಕಳನ್ನು ಆಯಾ ಕೆಲಸ ಮಾಡುವವರ ಹತ್ತಿರವೇ ಮಾತಾಡಿಸಲು ಕಳಿಸುತ್ತೇನೆ. "ಸರ್, ಇದೆಲ್ಲ ಟೈಮ್ ವೇಸ್ಟ್, ರಿಸಲ್ಟ್ ಬೀಳುತ್ತೆ" ಅಂದಿದ್ದ ಸಹೋದ್ಯೋಗಿಯೇ ಮೊನ್ನೆ ಮಗನನ್ನು ಕರ್ಕೊಂಡು ಮನೆಗೆ ಬಂದಿದ್ದರು. "ಇವನನ್ನೂ ಯಾರ ಹತ್ರನಾದ್ರೂ ಕಳಿಸಿ" ಅಂದರು. ರಿಸಲ್ಟ್ ಬೀಳಲಿಲ್ಲ, ಎರಡು ಮೂರು ಪರ್ಸೆಂಟ್ ಏರಿದೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ನಾನೂ ಎಲ್ಲರ ಹಾಗೆ ವೃತ್ತಿ ಮಾರ್ಗದರ್ಶನ ಕಾರ್ಯಕ್ರಮ ಇಟ್ಟವನೇ. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಕ್ ಸೆಟ್, ಕಾರು ಸೇರಿ ನಾಲ್ಕೂವರೆ ಸಾವಿರ ಆಗಿತ್ತು. ಬಂದ ಅಧಿಕಾರಿ ಮುಕ್ಕಾಲು ಗಂಟೆ ಮಾತಾಡಿದರು. ಅವರು ಬೆಳಗ್ಗೆ ಆಫೀಸಿಗೆ ಹೋಗಿ ಏನು ಮಾಡ್ತಾರೆ ಅಂತ ಮರುದಿನ ಕೇಳಿದರೆ ಒಬ್ಬರಿಗೂ ಗೊತ್ತಿರಲಿಲ್ಲ. ಮುಂದಿನ ವರ್ಷ ನಲವತ್ತು ಮಕ್ಕಳನ್ನು ಬಸ್ಸಿನಲ್ಲಿ ಒಂದು ಫ್ಯಾಕ್ಟರಿಗೆ ಕರೆದೊಯ್ದೆ. ಪತ್ರ ಸರಿಯಿಲ್ಲ ಅಂತ ಗೇಟಿನಿಂದಲೇ ವಾಪಸ್. ಆರು ಸಾವಿರದಷ್ಟು ಹೋಯ್ತು, ಪಾರ್ಕಿನಲ್ಲಿ ಕೂತು ಪುಳಿಯೋಗರೆ ತಿಂದು ಬಂದೆವು.

ಆಮೇಲೆ ಇಬ್ಬಿಬ್ಬರನ್ನೇ ಕಳಿಸತೊಡಗಿದೆ, ಕೆಲಸ ನಡೆಯುವ ಜಾಗಕ್ಕೇ. ಪರಿಚಯದ ಲೈಸೆನ್ಸ್ ಸರ್ವೇಯರ್ (ಲೈಸೆನ್ಸ್ ಪಡೆದು ಜಮೀನು ಅಳೆಯುವವರು) ಒಬ್ಬರು ಹದ್ದುಬಸ್ತಿಗೆ, ಅಂದರೆ ಹೊಲದ ಗಡಿ ಗುರುತಿಸಲು ಹೊರಟಿದ್ದರು, ಇಬ್ಬರು ಹುಡುಗರನ್ನು ಜೊತೆ ಮಾಡಿದೆ. ಗಡಿ ಗುರುತಿನ ಬಾಂದು ಕಲ್ಲು ಬದುವಿನ ಮುಳ್ಳಿನಲ್ಲಿ ಹೂತು ಹೋಗಿತ್ತಂತೆ. "ನಮ್ಮಪ್ಪನ ಕಾಲದಿಂದ ಬದು ಇಲ್ಲೇ ಐತಿ" ಅಂತ ಪಕ್ಕದ ಹೊಲದವರು ಅಡ್ಡ ನಿಂತರು. ಸರ್ವೇಯರ್ ದನಿ ಏರಿಸದೆ ಟೇಪಿನ ಒಂದು ತುದಿಯನ್ನು ಅವರ ಕೈಗೇ ಕೊಟ್ಟರಂತೆ. ವಾಪಸ್ ಬಂದ ಒಬ್ಬ "ಸರ್, ಅಳತೆ ಅರ್ಧ ಗಂಟೆ, ಜಗಳ ಮೂರು ಗಂಟೆ, ನಂಗೆ ಬೇಡ" ಅಂದ. ಇನ್ನೊಬ್ಬನಿಗೆ ಆ ಜಗಳ ಬಿಡಿಸಿದ ರೀತಿಯೇ ಹಿಡಿಸಿತ್ತು. ಈಗ ಸಿವಿಲ್ ಡಿಪ್ಲೊಮಾ ಓದುತ್ತಿದ್ದಾನೆ. ಲೈಸೆನ್ಸ್ ಸರ್ವೇಯರಿಗೆ ತಿಂಗಳ ಸಂಬಳ ಇಲ್ಲ, ಫೈಲಿಗೆ ಇಷ್ಟು ಅಂತ ದುಡ್ಡು ಎನ್ನುವುದೂ ಹುಡುಗರಿಗೆ ಆ ಹೊಲದಲ್ಲೇ ತಿಳಿದಿದ್ದು.

ಮಕ್ಕಳು ಹೋಗಿ ಏನು ಕೇಳುತ್ತಾರೆ ಅನ್ನೋದೂ ಮುಖ್ಯ. "ನಿಮ್ಮ ಸಂಬಳ ಎಷ್ಟು?" ಅಂದರೆ ಎದುರಿನವರು ಬಾಯಿ ಮುಚ್ಚುತ್ತಾರೆ. "ಹೊಸದಾಗಿ ಸೇರಿದವರಿಗೆ ಎಷ್ಟು ಕೊಡ್ತಾರೆ?" ಅಂದರೆ ಪಿಎಫ್ ಕಡಿತದವರೆಗೂ ಹೇಳುತ್ತಾರೆ. "ನಾನೇನು ಓದಲಿ?" ಅಂತ ಕೇಳಲೇಬಾರದು, ಮತ್ತೆ ಭಾಷಣ ಶುರುವಾಗುತ್ತದೆ. "ನಿನ್ನೆ ಬೆಳಗ್ಗೆಯಿಂದ ಏನೇನು ಮಾಡಿದ್ರಿ?" ಇಷ್ಟು ಸಾಕು.

ಒಬ್ಬರನ್ನೇ ಕೇಳಿ ಕೆಟ್ಟಿದ್ದೂ ಉಂಟು. ಲ್ಯಾಬ್ ಟೆಕ್ನೀಷಿಯನ್ ಆಗಬೇಕು ಅಂತಿದ್ದ ಹುಡುಗಿ, ನೈಟ್ ಡ್ಯೂಟಿಯಲ್ಲಿ ಬೇಸತ್ತ ಒಬ್ಬ ಅಕ್ಕನನ್ನು ಮಾತಾಡಿಸಿ ಅಳುತ್ತಾ ಬಂದಳು. ಇನ್ನೊಂದು ಲ್ಯಾಬಿಗೆ ಕಳಿಸಿದೆ. ಅಲ್ಲಿನವರು ನೇರಳೆ ಮುಚ್ಚಳದ ಟ್ಯೂಬನ್ನು ಕೈಗಿತ್ತು, "ನಿಧಾನ ಮೇಲೆ ಕೆಳಗೆ ಮಾಡು, ಕುಲುಕಿದ್ರೆ ರಕ್ತಕಣ ಒಡೆಯುತ್ತೆ" ಅಂತ ಮಾಡಿ ತೋರಿಸಿದರು. ಅವತ್ತು ಸಂಜೆಯೆಲ್ಲ ಅವಳ ಬಾಯಲ್ಲಿ ಅದೇ ಮಾತು. ಈಗ ಆ ಕೋರ್ಸಿನ ಎರಡನೇ ವರ್ಷದಲ್ಲಿದ್ದಾಳೆ. ಅಲ್ಲಿಂದ ನನ್ನ ಲೆಕ್ಕ ಮೂರು ಜನ: ಈಚೆಗೆ ಸೇರಿದವರು, ಹತ್ತು ವರ್ಷ ಹಳಬರು, ಆ ಕೆಲಸ ಬಿಟ್ಟವರು. ಬಿಟ್ಟವರೇ ಹೆಚ್ಚು ಬಿಚ್ಚಿ ಮಾತಾಡುವವರು. ಅವರನ್ನು ನಾನು ಹೇಗೆ ಹುಡುಕುತ್ತೇನೆ ಅನ್ನೋದನ್ನು ಮಾತ್ರ ಎದುರು ಸಿಕ್ಕಾಗ ಹೇಳುತ್ತೇನೆ.

ಬೆಂಗಳೂರಿನಲ್ಲಿರುವ ಹಳೇ ವಿದ್ಯಾರ್ಥಿಗಳಿಂದ ವಾಟ್ಸಾಪ್ ವಾಯ್ಸ್ ಮೆಸೇಜ್ ತರಿಸಿಯೂ ನೋಡಿದೆ. ಇಪ್ಪತ್ತರಲ್ಲಿ ಏಳೆಂಟು ಜನ ಕಳಿಸಿದರು, ಎಲ್ಲರದೂ "ಚೆನ್ನಾಗಿದೆ, ಮಾಡಿ". ಬಿಟ್ಟುಬಿಟ್ಟೆ. ಅಪ್ಪ ಅಮ್ಮನ ಕೆಲಸವನ್ನೇ ಕೇಳಿ ಬರೆದು ತನ್ನಿ ಅಂತಲೂ ಒಮ್ಮೆ ಹೇಳಿದ್ದೆ. ಎಪಿಎಂಸಿಯಲ್ಲಿ ಹಮಾಲಿ ಮಾಡುವ ತಂದೆ ದಿನಕ್ಕೆ ಎಷ್ಟು ಚೀಲ ಹೊರುತ್ತಾರೆ ಅಂತ ಒಬ್ಬನಿಗೆ ಅವತ್ತೇ ಗೊತ್ತಾಗಿದ್ದು. ಕೋರ್ಸ್ ಆರಿಸಲು ಅದರಿಂದ ಉಪಯೋಗವಾಗಲಿಲ್ಲ. ಆದರೂ ಪ್ರತಿ ವರ್ಷ ಮಾಡಿಸುತ್ತೇನೆ.

ಖರ್ಚು ತಲೆಗೆ ಎಪ್ಪತ್ತು ಎಂಬತ್ತು ರೂಪಾಯಿ, ಬಸ್ಸು, ಟೀ, ಬನ್ನು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರ ಬಸ್ ಚಾರ್ಜೂ ಉಳಿಯಿತು. ಈವರೆಗೆ ಅರವತ್ತರ ಹತ್ತಿರ ಮಕ್ಕಳು ಹೋಗಿ ಬಂದಿದ್ದಾರೆ, ಹದಿನೈದು ಜನರಾದರೂ ಮನಸ್ಸು ಬದಲಿಸಿದ್ದಾರೆ. ಈ ಶನಿವಾರ ಇಬ್ಬರು ಹುಡುಗಿಯರು ಟೂಲ್ ಆಂಡ್ ಡೈ (ಫ್ಯಾಕ್ಟರಿಗೆ ಬೇಕಾದ ಅಚ್ಚು, ಉಪಕರಣ ಮಾಡುವ ಕೆಲಸ) ಕಲಿತ ಒಬ್ಬರನ್ನು ನೋಡಲು ಹೊರಟಿದ್ದಾರೆ. ಫಸ್ಟ್ ಶಿಫ್ಟ್ ಮುಗಿದ ಮೇಲೆ ಬನ್ನಿ, ಚಪ್ಪಲಿ ಬೇಡ, ಶೂ ಹಾಕ್ಕೊಂಡು ಬನ್ನಿ ಅಂದಿದ್ದಾರೆ. ಒಬ್ಬಳ ಹತ್ತಿರ ಶೂ ಇರಲಿಲ್ಲ, ನಿನ್ನೆ ಅವಳ ಅಣ್ಣನದು ಹಾಕಿಸಿ ನೋಡಿದೆವು, ಸರಿಯಾಯ್ತು.