ತಾಡಪತ್ರಿಗೆ ಬೆದರುತ್ತಿದ್ದ ಕುದುರೆಯನ್ನು ಪಳಗಿಸಿದ ಬಗೆ

ಬೀದರಿನಲ್ಲಿ ಮದುವೆ ಮೆರವಣಿಗೆಗೆಂದು ಸಾಕಿರುವ ನಮ್ಮ ಹೆಣ್ಣು ಕುದುರೆಯು ಗಾಳಿಗೆ ಪಟಪಟಿಸುವ ತಾಡಪತ್ರಿಯನ್ನು ಕಂಡರೆ ಸಾಕು, ಹಗ್ಗ ಕಿತ್ತುಕೊಂಡು ಓಡಲು ಯತ್ನಿಸುತ್ತಿತ್ತು. ಬಲವಂತವಾಗಿ ಹತ್ತಿರಕ್ಕೆ ಎಳೆಯುವ ಬದಲು, ಅಣ್ಣ ತಾಡಪತ್ರಿಯನ್ನು ನೆಲದ ಮೇಲೆ ಎಳೆಯುತ್ತಾ ಮುಂದೆ ನಡೆದರೆ, ನಾನು ಹಗ್ಗವನ್ನು ಕೈಗೆ ಸುತ್ತಿಕೊಳ್ಳದೆ ಸಡಿಲವಾಗಿ ಹಿಡಿದು ಕುದುರೆಯನ್ನು ಅದರ ಹಿಂದೆ ನಡೆಸಿದೆನು. ತನ್ನಿಂದ ದೂರ ಸರಿಯುವ ವಸ್ತುವಿಗೆ ಕುದುರೆ ಅಷ್ಟಾಗಿ ಹೆದರದೆ, ಕುತೂಹಲದಿಂದ ಹಿಂಬಾಲಿಸುತ್ತದೆ. ಅದು ಕತ್ತು ಇಳಿಸಿ, ತುಟಿ ನೆಕ್ಕಿ, ದೀರ್ಘವಾಗಿ ಉಸಿರು ಬಿಟ್ಟ ಕೂಡಲೇ ನಾವು ನಿಲ್ಲಿಸುತ್ತಿದ್ದೆವು. ಬೆಲ್ಲದ ತುಂಡಿಗಿಂತಲೂ ಆ ವಿರಾಮವೇ ದೊಡ್ಡ ಬಹುಮಾನ ಎಂಬುದು ನನ್ನ ದೃಢ ಅಭಿಪ್ರಾಯ. ಎಡಗಡೆಯಿಂದ ಕಲಿಸಿದ್ದನ್ನು ಬಲಗಡೆಯಿಂದಲೂ ಹೊಸದಾಗಿಯೇ ಕಲಿಸಬೇಕಾಯಿತು. ಈಗ ಅದು ಹಾಸಿದ ತಾಡಪತ್ರಿಯ ಮೇಲೆ ಮುಂಗಾಲಿಟ್ಟು ಅಂಚನ್ನು ಮೂಸುತ್ತದೆ. ಬ್ಯಾಂಡಿನ ಸದ್ದಿನ ಅಭ್ಯಾಸವನ್ನು ದೂರದಿಂದಲೇ ಆರಂಭಿಸಿದ್ದೇವೆ.